ದೇಗಾಂವದ ಕಮಲನಾರಾಯಣ

ಕಿತ್ತೂರಿಗೆ ಬಂದವರು ಕೋಟೆ ನೋಡಿ, ಚೆನ್ನಮ್ಮನ ನೆನಪು ಹೊತ್ತು ಹಿಂದಿರುಗುತ್ತಾರೆ. ಹತ್ತಿರದ ದೇಗಾಂವಕ್ಕೆ ಹೋಗುವವರು ಕಡಿಮೆ. ಶಾಸನಗಳ ‘ದೇಗಂವೆ’ ಇದೇ ಊರು. ಇಲ್ಲಿನ ಕಮಲನಾರಾಯಣ ದೇವಾಲಯ ಗೋವೆಯ ಕದಂಬರ ಕಾಲದ್ದು. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಈ ಅರಸರಿಗೆ ಗೋವೆಯ ಜೊತೆಗೆ ಖಾನಾಪುರ ಭಾಗದ ಹಲಸಿಯೂ ರಾಜಧಾನಿಯಾಗಿತ್ತು.

12ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಈ ಗುಡಿಯನ್ನು ಕಟ್ಟಿಸಿದಳು. ಊರು ಅಗ್ರಹಾರವಾದದ್ದೂ ಅವಳ ಕೋರಿಕೆಯಿಂದಲೇ. ಇಲ್ಲಿನ 1174ರ ಶಾಸನ ಕಾಲವನ್ನು ಕಲಿಯುಗದ ಲೆಕ್ಕದಲ್ಲಿ ಹೇಳುತ್ತದೆ. ಶಕವರ್ಷವೇ ರೂಢಿಯಾಗಿದ್ದ ನಾಡಿನಲ್ಲಿ ಇದು ಗೋವೆಯ ಕದಂಬರದೇ ಒಂದು ರೀತಿ. ಗುಡಿ ಕಟ್ಟಿದ ಶಿಲ್ಪಿ ತಿಪ್ಪೋಜ. ಎಷ್ಟೋ ದೊಡ್ಡ ದೇವಾಲಯಗಳ ಕೈಗಾರರು ಅನಾಮಿಕರಾಗಿಯೇ ಉಳಿದಿರುವಾಗ ಈ ಹೆಸರು ಸಿಕ್ಕಿರುವುದು ಭಾಗ್ಯ.

ಮೂರು ಗರ್ಭಗುಡಿಗಳ ಈ ದೇವಾಲಯ ತ್ರಿಕೂಟ. ತ್ರಿಕೂಟವೆಂದರೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಚಾಚಿದ ಗರ್ಭಗುಡಿಗಳು. ಇಲ್ಲಿ ಹಾಗಿಲ್ಲ, ಮೂರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಕಡೆ ಮುಖ ಮಾಡಿವೆ. ನಾರಾಯಣ, ಲಕ್ಷ್ಮೀನಾರಾಯಣ, ಕಮಲಾದೇವಿ ಅಲ್ಲಿನ ದೇವತೆಗಳು. ಎದುರಿಗೆ ಮೂವರಿಗೂ ಸೇರಿದ ಉದ್ದನೆಯ ಕಂಬಮಂಟಪ. ಆದ್ದರಿಂದ ಕಟ್ಟಡ ಎತ್ತರಕ್ಕಿಂತ ಅಗಲದಲ್ಲಿ ಕಣ್ಣು ತುಂಬುತ್ತದೆ. ಚಾಲುಕ್ಯ ಶೈಲಿಯ ಕಂಬಗಳ ನುಣುಪು, ಒಳಮಾಳಿಗೆಯ ಕೆತ್ತನೆ ನಿಧಾನವಾಗಿ ನೋಡಬೇಕಾದವು. ‘ಕಮಲಾ’ ಲಕ್ಷ್ಮಿಯ ಹೆಸರೂ ಹೌದು, ಕಟ್ಟಿಸಿದವಳ ಹೆಸರೂ ಹೌದು. ದೇವರ ಹೆಸರಿನಲ್ಲೇ ರಾಣಿ ತನ್ನ ಗುರುತನ್ನೂ ಉಳಿಸಿಕೊಂಡಳು.