ಲಸಿಕೆ ಪಡೆಯದವರ ಕೆಲಸದ ಹಕ್ಕು: ಗ್ರಾಮ ಪಂಚಾಯತಿಗಳು ತಿಳಿದಿರಬೇಕಾದ ಸಂಗತಿ

ಕೋವಿಡ್-19 ಲಸಿಕೆ ಪಡೆಯದ ನೌಕರರನ್ನಾಗಲಿ ಕೂಲಿಕಾರರನ್ನಾಗಲಿ ಆ ಕಾರಣಕ್ಕಾಗಿ ಕೆಲಸದಿಂದ ದೂರವಿಡಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು ನೀಡಿದ ತೀರ್ಪಿನಲ್ಲಿ ಬಹುಮಟ್ಟಿಗೆ ಉತ್ತರ ದೊರೆತಿದೆ. ಆದರೂ ಕಾಮಗಾರಿ ಸ್ಥಳಗಳಲ್ಲಿ ‘ಸರ್ಟಿಫಿಕೇಟ್ ತಂದರೆ ಮಾತ್ರ ಹಾಜರಿ’ ಎಂಬ ಮಾತು ಆಗಾಗ ಕೇಳಿಬರುತ್ತಿತ್ತು. ಆ ಮಾತನ್ನು ಒಮ್ಮೆ ನಾನೂ ಆಡಿದ್ದೇನೆ. ಆದುದರಿಂದ ವಿಷಯವನ್ನು ಅಲ್ಲಿಂದಲೇ ಆರಂಭಿಸುವುದು ಉಚಿತ.

2021ರ ಆಗಸ್ಟ್ ತಿಂಗಳು. ಉದ್ಯೋಗ ಖಾತರಿ ಯೋಜನೆಯಡಿ ಸಸಿ ನೆಡುವ ಕಾಮಗಾರಿ ನಡೆಯುತ್ತಿತ್ತು. ಲಸಿಕಾ ಪ್ರಗತಿಯ ಬಗ್ಗೆ ಪ್ರತಿದಿನ ಮೇಲಿನಿಂದ ವಿಚಾರಣೆ ಬರುತ್ತಿದ್ದ ಕಾಲವದು. ಲಸಿಕೆ ಹಾಕಿಸಿಕೊಳ್ಳದವರನ್ನು ಹಾಜರಾತಿ ಪಟ್ಟಿಗೆ ಸೇರಿಸಬೇಡಿರೆಂದು ಕಾಯಕಬಂಧುವಿಗೆ ಬಾಯಿಮಾತಿನಲ್ಲಿ ಸೂಚಿಸಿದೆ. ಅದರಂತೆ ಹಿಂದಿರುಗಿದವರಲ್ಲಿ ಐದು ತಿಂಗಳ ಗರ್ಭಿಣಿಯೊಬ್ಬರಿದ್ದರು. ಆಗಿನ ದಿನಗೂಲಿ 289 ರೂಪಾಯಿ. ಅವರಿಗೆ ಆರು ದಿನಗಳ ಕೆಲಸ ತಪ್ಪಿತು, ಅಂದರೆ 1,734 ರೂಪಾಯಿ. ಆರನೆಯ ದಿನ ಕಚೇರಿಗೆ ಬಂದ ಆಕೆ ಹೇಳಿದ್ದು ಇಷ್ಟೇ: ಜೂನ್ ಕೊನೆಯ ವಾರದ ಶಿಬಿರಕ್ಕೆ ತಾನು ಹೋಗಿದ್ದೆ, ಗರ್ಭಿಣಿಯರಿಗೆ ಲಸಿಕೆ ಇಲ್ಲವೆಂದು ಅಲ್ಲಿಂದ ವಾಪಸು ಕಳುಹಿಸಿದರು. ಆಕೆಯ ಮಾತು ನಿಜವಾಗಿತ್ತು. ಗರ್ಭಿಣಿಯರಿಗೆ ಕೋವಿಡ್ ಲಸಿಕೆ ನೀಡಲು ಕೇಂದ್ರ ಆರೋಗ್ಯ ಸಚಿವಾಲಯವು ಅನುಮತಿಸಿದ್ದು 2021ರ ಜುಲೈ 2ರಂದು. ನಿಯಮ ಬದಲಾದ ಸಂಗತಿಯನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾದವರಲ್ಲಿ ನಾನೂ ಒಬ್ಬ.

ಇಂತಹ ಒತ್ತಡ ನಮ್ಮಲ್ಲಿ ಮಾತ್ರ ಉಂಟಾದುದಲ್ಲ. ಅದೇ ವರ್ಷ ಈಶಾನ್ಯದ ಮೂರು ರಾಜ್ಯಗಳಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಮೇಘಾಲಯದ ಜಿಲ್ಲಾಡಳಿತಗಳು ಅಂಗಡಿಕಾರರೂ ಟ್ಯಾಕ್ಸಿ ಚಾಲಕರೂ ಲಸಿಕೆ ಪಡೆದ ನಂತರವೇ ದುಡಿಮೆಗೆ ಮರಳಬೇಕೆಂದು ಆದೇಶಿಸಿದ್ದವು. ಜೀವನೋಪಾಯದ ಹಕ್ಕನ್ನು ಹೀಗೆ ಕಸಿಯಲಾಗದೆಂದು ಅಲ್ಲಿಯ ಉಚ್ಚ ನ್ಯಾಯಾಲಯವು ಜೂನ್ 23ರಂದು ಹೇಳಿತು. ಆದರೆ ಸಿಬ್ಬಂದಿ ಲಸಿಕೆ ಪಡೆದಿದ್ದಾರೆಯೇ ಎಂಬುದನ್ನು ಗ್ರಾಹಕರಿಗೆ ಕಾಣುವಂತೆ ಫಲಕದಲ್ಲಿ ಪ್ರಕಟಿಸಬೇಕೆಂದೂ ನಿರ್ದೇಶಿಸಿತು. ಮಿಜೋರಾಂನ ನಿರ್ಬಂಧಗಳ ಬಗ್ಗೆ ಗುವಾಹಟಿ ಉಚ್ಚ ನ್ಯಾಯಾಲಯವು ಜುಲೈ 2ರಂದು ಇದೇ ದಿಕ್ಕಿನ ಆದೇಶ ನೀಡಿತು. ನಮ್ಮ ಕೆಲಸಕ್ಕೆ ಹೆಚ್ಚು ಹತ್ತಿರವಾದುದು ಅರುಣಾಚಲ ಪ್ರದೇಶದ ಪ್ರಕರಣ. ಅಭಿವೃದ್ಧಿ ಕಾಮಗಾರಿಗಳಿಗೆ ಬರುವವರಿಗೆ ಲಸಿಕೆ ಪಡೆದಿದ್ದರೆ ಮಾತ್ರ ತಾತ್ಕಾಲಿಕ ಪರವಾನಗಿ ಎಂಬ ಷರತ್ತು ಅಲ್ಲಿತ್ತು. ಲಸಿಕೆ ಪಡೆದವರು ಸೋಂಕಿಗೆ ಒಳಗಾಗುವುದೇ ಇಲ್ಲ, ಹರಡುವುದೇ ಇಲ್ಲ ಎನ್ನಲು ಆಧಾರವಿಲ್ಲದಿರುವಾಗ ಈ ವಿಂಗಡಣೆ ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧವೆಂದು ಕಂಡು ಅದೇ ನ್ಯಾಯಾಲಯದ ಪೀಠವು ಜುಲೈ 19ರಂದು ಷರತ್ತಿಗೆ ತಡೆ ನೀಡಿತು.

ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಹಲವರು ಅರ್ಧವಷ್ಟೇ ಓದುತ್ತಾರೆ. ‘ಯಾರನ್ನೂ ಬಲವಂತಪಡಿಸುವಂತಿಲ್ಲ’ ಎಂಬ ಭಾಗ ಎಲ್ಲರ ಬಾಯಲ್ಲಿದೆ. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠವು ದೈಹಿಕ ಸ್ವಾಯತ್ತತೆ 21ನೇ ವಿಧಿಯ ರಕ್ಷಣೆಗೆ ಒಳಪಟ್ಟಿದೆ ಎಂದು ಹೇಳಿರುವುದು ಸತ್ಯ. ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರವು ವ್ಯಕ್ತಿಯ ಹಕ್ಕಿನ ಮೇಲೆ ಮಿತಿ ವಿಧಿಸಬಹುದೆಂದೂ ಅದೇ ತೀರ್ಪು ಹೇಳುತ್ತದೆ. ಆ ಮಿತಿಗೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಲಸಿಕೆ ಪಡೆಯದವರಿಂದ ಸೋಂಕು ಹರಡುವ ಅಪಾಯ ಪಡೆದವರಿಗಿಂತ ಗಣನೀಯವಾಗಿ ಹೆಚ್ಚೆಂದು ತೋರಿಸುವ ದತ್ತಾಂಶವನ್ನು ಸರ್ಕಾರಗಳು ಮುಂದಿಡಲಿಲ್ಲವಾದ್ದರಿಂದ, ಅಂದಿನ ನಿರ್ಬಂಧಗಳು ಮೂರನೆಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಖಾಸಗಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಪ್ರಾಧಿಕಾರಗಳು ಇಂತಹ ಆದೇಶಗಳನ್ನು ಮರುಪರಿಶೀಲಿಸಬೇಕೆಂದು ಪೀಠವು ಸೂಚಿಸಿತು. ಲಸಿಕಾ ನೀತಿಯನ್ನಂತೂ ಎತ್ತಿಹಿಡಿಯಿತು. ತೀವ್ರ ಕಾಯಿಲೆ, ಆಸ್ಪತ್ರೆ ದಾಖಲಾತಿ ಮತ್ತು ಸಾವನ್ನು ಲಸಿಕೆ ತಗ್ಗಿಸುತ್ತದೆಂಬ ತಜ್ಞರ ಅಭಿಪ್ರಾಯವನ್ನು ಒಪ್ಪಿತು. ಆದುದರಿಂದ ಈ ತೀರ್ಪನ್ನು ಲಸಿಕೆ ಬೇಡವೆನ್ನಲು ಬಳಸುವುದು ತಪ್ಪು.

ಎಂಜಿನಿಯರಿಂಗ್ ಓದಿದವನಾದ್ದರಿಂದ ಪ್ರಮಾಣಬದ್ಧತೆಯ ಮಾತು ನನಗೆ ಸುಲಭವಾಗಿ ಅರ್ಥವಾಯಿತು. ಮೋರಿಯ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕದೆ ಕಬ್ಬಿಣ ಹೆಚ್ಚು ಹಾಕಿದೆನೆಂದರೆ ಯಾವ ತಾಂತ್ರಿಕ ಮಂಜೂರಾತಿಯೂ ದೊರೆಯದು. ನನ್ನ ಮೌಖಿಕ ಸೂಚನೆಗೆ ಲೆಕ್ಕವೂ ಇರಲಿಲ್ಲ, ಮಂಜೂರಾತಿಯೂ ಇರಲಿಲ್ಲ. ತೆರೆದ ಬಯಲಿನಲ್ಲಿ ಅಂತರವಿಟ್ಟು ಗುಂಡಿ ತೋಡುವವರಿಂದ ಯಾರಿಗೆ ಎಷ್ಟು ಅಪಾಯವೆಂದು ಕೇಳಿದ್ದರೆ ನಾನು ಉತ್ತರಿಸಲಾರದವನಾಗುತ್ತಿದ್ದೆ.

ಉದ್ಯೋಗ ಖಾತರಿಯಲ್ಲಿ ಆಗ ಇನ್ನೊಂದು ತೊಡಕೂ ಇತ್ತು. ನಮೂನೆ 6ರಲ್ಲಿ ಬೇಡಿಕೆ ಸಲ್ಲಿಸಿದವರಿಗೆ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕಿತ್ತು. ಮೊದಲ 30 ದಿನಗಳಿಗೆ ಅದು ಕೂಲಿ ದರದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆಯಿರುವಂತಿರಲಿಲ್ಲ. ಲಸಿಕೆಯ ಷರತ್ತನ್ನು 2005ರ ಅಧಿನಿಯಮವು ಎಲ್ಲಿಯೂ ಹೇಳಿರಲಿಲ್ಲ. ನೀರುಗಂಟಿ, ಸ್ವಚ್ಛತಾಗಾರ ಮುಂತಾದ ಸಿಬ್ಬಂದಿಯ ವೇತನವನ್ನೂ ಬಾಯಿಮಾತಿನಿಂದ ತಡೆಹಿಡಿಯಲು ಬರುವುದಿಲ್ಲ. ಮೇಲಿನಿಂದ ಅಂತಹ ಸೂಚನೆ ಬಂದರೆ ಲಿಖಿತವಾಗಿ ಕೇಳಿ ಪಡೆಯುವುದು ಕ್ಷೇಮ. ನನ್ನ ಅನುಭವದಲ್ಲಿ, ಲಿಖಿತವಾಗಿ ಕೇಳಿದೊಡನೆ ಅನೇಕ ಸೂಚನೆಗಳು ಮೆದುವಾಗುತ್ತವೆ.

ಲಸಿಕೆ ಪಡೆಯದವರನ್ನು ಕಂಡಾಗ ಮೊದಲು ಕಾರಣ ಕೇಳಬೇಕು, ಅದೂ ಎಲ್ಲರೆದುರಿನಲ್ಲಿ ಅಲ್ಲ. ಜ್ವರ ಬಂದರೆ ಎರಡು ದಿನದ ಕೂಲಿ ಹೋದೀತೆಂಬ ಭಯ, ಹಳೆಯ ಕಾಯಿಲೆ, ಮೊಬೈಲ್ ಇಲ್ಲದೆ ನೋಂದಣಿಯಾಗದಿರುವುದು, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವನ್ನು ಆಶಾ ಕಾರ್ಯಕರ್ತೆಯರು ಅಂಗಳದಲ್ಲೇ ಪರಿಹರಿಸಬಲ್ಲರು.

ಆ ಹೆಣ್ಣುಮಗಳ ಮನೆಗೂ ಮರುದಿನ ಆಶಾ ಕಾರ್ಯಕರ್ತೆ ಹೋದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಆಕೆ ಲಸಿಕೆ ಪಡೆದರು. ಕೆಲಸಕ್ಕೆ ಅದಕ್ಕೂ ಮೊದಲೇ ಸೇರಿಸಿಕೊಂಡಿದ್ದೆವು. ತಪ್ಪಿದ ಆರು ದಿನಗಳನ್ನು ಮಾತ್ರ ಮುಗಿದ ಹಾಜರಾತಿ ಪಟ್ಟಿಯಲ್ಲಿ ಸೇರಿಸಲು ಅವಕಾಶವಿರಲಿಲ್ಲ.