ಮುಷ್ಟಿಯಿಂದ ಚಿಟಿಕೆಗೆ

ಹುಟ್ಟಿ ವಾರವಾದ ಕೂಸಿನ ಅಂಗೈಗೆ ಬೆರಳು ತಾಗಿಸಿದರೆ ಸಾಕು, ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ‘ಬಿಡ್ತಾನೇ ಇಲ್ಲ ನೋಡಿ!’ ಎಂದು ಬಂದವರೆಲ್ಲ ಹಿಗ್ಗುತ್ತಾರೆ. ಆದರೆ ಅದು ಮಗು ಬೇಕೆಂದು ಹಿಡಿದದ್ದಲ್ಲ. ಅಂಗೈ ಮುಟ್ಟಿದೊಡನೆ ತಾನಾಗಿ ನಡೆಯುವ ಪರಾವರ್ತಿತ ಪ್ರತಿಕ್ರಿಯೆ. ಮಿದುಳು ಬಲಿತಂತೆ ಇದು ನಾಲ್ಕರಿಂದ ಆರು ತಿಂಗಳೊಳಗೆ ಮರೆಯಾಗಿ, ಬೇಕೆಂದು ಹಿಡಿಯುವ ಕೈ ಮೂಡುತ್ತದೆ. ಆ ಕೈ ಪಳಗುವುದು ಆಟದಿಂದ.

ಮೊದಲು ಕಲಿಯುವುದು ಕಣ್ಣು. ನವಜಾತ ಶಿಶುವಿಗೆ 20ರಿಂದ 30 ಸೆಂಟಿಮೀಟರ್ ದೂರದ್ದಷ್ಟೇ ಸುಮಾರಾಗಿ ಕಾಣುತ್ತದೆ. ಹಾಲೂಡುವಾಗ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಆ ಮುಖವೇ ಮೊದಲ ಆಟಿಕೆ. ನಿಧಾನವಾಗಿ ಅತ್ತಿತ್ತ ಸರಿದು ಮಾತಾಡಿಸಿದರೆ ಕೂಸಿನ ಕಣ್ಣು ಹಿಂಬಾಲಿಸಲು ಕಲಿಯುತ್ತದೆ.

ಮೂರು ತಿಂಗಳಿಗೆ ಮಗು ಗೊಂಬೆಯತ್ತ ಕೈ ಬೀಸುತ್ತದೆ, ಆದರೆ ಹಿಡಿಯಲಾರದು. ಅಮೆರಿಕದ ಏಮಿ ನೀಡ್‌ಹ್ಯಾಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಕೂಸುಗಳಿಗೆ ವೆಲ್‌ಕ್ರೋ ಹಚ್ಚಿದ ಕೈಗವಸು ತೊಡಿಸಿದರು. ಕೈ ತಗುಲಿದ ಆಟಿಕೆ ಅಂಟಿಕೊಂಡು ಮೇಲೆದ್ದು ಬರುತ್ತಿತ್ತು. ದಿನಕ್ಕೆ ಹತ್ತೇ ನಿಮಿಷ, ಸುಮಾರು ಎರಡು ವಾರ. ಆಮೇಲೆ ಗವಸಿಲ್ಲದಿದ್ದರೂ ಆ ಮಕ್ಕಳು ವಸ್ತುಗಳನ್ನು ಹೆಚ್ಚು ಹೊತ್ತು ನೋಡಿದವು, ಹೆಚ್ಚು ಸಲ ತಟ್ಟಿದವು. ‘ನಾನು ಕೈ ಚಾಚಿದರೆ ಏನೋ ಆಗುತ್ತದೆ’ ಎಂಬ ಅನುಭವವೇ ಕುತೂಹಲಕ್ಕೆ ಕಿಡಿ.

ಮನೆಯಲ್ಲಿ ಆ ಕೆಲಸವನ್ನು ಒಂದು ಗಿಲಕಿ ಮಾಡುತ್ತದೆ. ಚನ್ನಪಟ್ಟಣದ ಹಾಲೆಮರದ ಗಿಲಕಿಯನ್ನು ಐದು ತಿಂಗಳ ಮಗುವಿನ ಮುಂದೆ ಹಿಡಿಯಿರಿ, ಕೈಗೇ ತುರುಕಬೇಡಿ. ಅದು ನೋಡುತ್ತದೆ, ಕೈ ಚಾಚುತ್ತದೆ, ತಪ್ಪುತ್ತದೆ, ಮತ್ತೆ ಚಾಚುತ್ತದೆ. ಸಿಕ್ಕಿದೊಡನೆ ಗಿಲಿಗಿಲಿ ಸದ್ದು, ಮರುಕ್ಷಣವೇ ಬಾಯಿಗೆ! ಬೈಯಬೇಡಿ. ತುಟಿ, ನಾಲಗೆಗಳಲ್ಲಿ ಸ್ಪರ್ಶದ ನರತುದಿಗಳು ಒತ್ತಾಗಿವೆ. ನುಣುಪು, ತಂಪು, ದುಂಡಗೆ ಎಂಬುದನ್ನೆಲ್ಲ ಮಗು ಬಾಯಿಂದಲೇ ಓದಿಕೊಳ್ಳುತ್ತದೆ.

ಆರೇಳು ತಿಂಗಳಿಗೆ ಗಿಲಕಿ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತದೆ. ಒಂಬತ್ತು–ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳು ಕೂಡಿ, ನೆಲಕ್ಕೆ ಬಿದ್ದ ಅನ್ನದ ಅಗುಳನ್ನು ಚಿಟಿಕೆಯಲ್ಲಿ ಎತ್ತುತ್ತವೆ. ಮುಂದೆ ಪೆನ್ಸಿಲು ಹಿಡಿಯುವುದೂ ಗುಂಡಿ ಹಾಕುವುದೂ ಇದೇ ಬೆರಳುಗಳು. ಬಿಡುವುದನ್ನು ಕಲಿಯುವುದು ಹಿಡಿದ ಮೇಲೆಯೇ. ಹತ್ತು ಸಲ ಚಮಚ ಬೀಳಿಸುವ ಮಗು ಹಟ ಮಾಡುತ್ತಿಲ್ಲ, ಬೆರಳು ಬಿಚ್ಚುವ ಅಭ್ಯಾಸ ಮಾಡುತ್ತಿದೆ.

ಮಕ್ಕಳೆಲ್ಲ ಒಂದೇ ದಿನಕ್ಕೆ ಕಲಿಯುವುದಿಲ್ಲ. ಒಂದೆರಡು ತಿಂಗಳ ಹಿಂದುಮುಂದು ಸಹಜ. ಆದರೆ ಒಂದು ಕೈಯನ್ನು ಬಳಸುತ್ತಲೇ ಇಲ್ಲವೆನಿಸಿದರೆ, ಮುಷ್ಟಿ ಸದಾ ಬಿಗಿದೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಣಿ, ಗುಂಡಿ, ಕಡಲೆಬೀಜ, ಬ್ಯಾಟರಿಗಳು ಕೈಗೆಟುಕದಿರಲಿ. ಗಂಟಲಲ್ಲಿ ಸಿಕ್ಕಿದರೆ ಜೀವಕ್ಕೇ ಅಪಾಯ. ಉಳಿದಂತೆ ಒಂದು ಮರದ ಚಮಚ, ಹತ್ತಿಬಟ್ಟೆಯ ತುಂಡು, ಸ್ಟೀಲ್ ಲೋಟ ಸಾಕು. ಮೊಬೈಲ್ ಕೆಳಗಿಟ್ಟು, ದಿನಕ್ಕೆ ಹತ್ತು ನಿಮಿಷ ಮಗುವಿನ ಎದುರು ನೆಲದ ಮೇಲೆ ಕೂತುಕೊಳ್ಳಿ.