ಮುಯ್ಯಿ ಪುಸ್ತಕದ ಡೆಬಿಟ್ಟು, ಕ್ರೆಡಿಟ್ಟು

ಅಂತರಘಟ್ಟೆ ದುರ್ಗಾಂಬೆಯ ಜಾತ್ರೆ ಎಂದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಪಾನಕದ ಗಾಡಿ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹಳ್ಳಿಗಳಿಂದ ಎತ್ತಿನ ಗಾಡಿಗಳು ದೂಳೆಬ್ಬಿಸಿಕೊಂಡು ಓಡಿಬರುತ್ತವೆ. ಗಾಡಿ ಹೂಡುವ ಮೊದಲೇ ಮನೆಯ ಜಗಲಿಯಲ್ಲಿ ಲೆಕ್ಕ ಮುಗಿದಿರುತ್ತದೆ. ಎತ್ತಿಗೆ ಹಿಂಡಿ ಎಷ್ಟಾಯಿತು, ಗೆಜ್ಜೆ-ಹಗ್ಗಕ್ಕೆ ಎಷ್ಟು, ನೆಂಟರೂಟಕ್ಕೆ ಯಾರ ಹತ್ತಿರ ಕೈಗಡ ತಂದದ್ದು, ಎಲ್ಲವೂ ಬಾಯಲ್ಲೇ. ಇಂಥ ಮನೆಯ ಹುಡುಗಿಯೇ ಕಾಮರ್ಸ್ ಸೇರಿ ಮೊದಲ ತಿಂಗಳಲ್ಲೇ ‘ಅಕೌಂಟೆನ್ಸಿ ತಲೆಗೆ ಹತ್ತುತ್ತಿಲ್ಲ’ ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಾಳೆ.

ನನಗೂ ಹತ್ತಿರಲಿಲ್ಲ. ಪ್ರಥಮ ಪಿಯುಸಿಯಲ್ಲಿ ಮೂರು ಸೂತ್ರಗಳನ್ನು ಮಗ್ಗಿಯ ಹಾಗೆ ಉರು ಹೊಡೆಸಿದ್ದರು. ‘ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್’ ಎಂದು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದೆ. ‘ರಾಮನು ಪೀಠೋಪಕರಣ ಕೊಂಡನು’ ಎಂದು ಪ್ರಶ್ನೆ ಬಂದರೆ ಮಾತ್ರ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಪೀಠೋಪಕರಣ ಕೊಳ್ಳುವ ರಾಮ ನಮ್ಮೂರಲ್ಲಿರಲಿಲ್ಲ. ಇದ್ದವನು ಮರದ ಮೇಲಿನ ಫಸಲನ್ನೇ ಕೊಳ್ಳುವ ಅಡಿಕೆ ಖೇಣಿದಾರ.

ಅವನಿಂದಲೇ ಶುರು ಮಾಡಬಹುದಿತ್ತು. ಆಷಾಢದಲ್ಲಿ ತೋಟ ನೋಡಿ ಖೇಣಿದಾರ ಎರಡು ಲಕ್ಷ ಮುಂಗಡ ಕೊಟ್ಟ ಎಂದಿಟ್ಟುಕೊಳ್ಳಿ. ದುಡ್ಡು ಕೈಗೆ ಬಂತು, ಅದು ಆದಾಯವೇ? ಅಲ್ಲ. ಮರದ ಮೇಲಿನ ಗೊನೆ ಇನ್ನೂ ಇಳಿದಿಲ್ಲ, ಗಾಳಿಗೆ ಮರ ಉರುಳಬಹುದು, ಕೊಳೆ ರೋಗ ಬರಬಹುದು. ಅಲ್ಲಿಯವರೆಗೆ ಆ ಎರಡು ಲಕ್ಷ ಖೇಣಿದಾರನಿಗೆ ನಾವು ತೀರಿಸಬೇಕಾದ ಋಣ. ಪುಸ್ತಕದಲ್ಲಿ ನಗದು ಖಾತೆ ಡೆಬಿಟ್, ಖೇಣಿದಾರನ ಖಾತೆ ಕ್ರೆಡಿಟ್. ಕೊಯ್ಲು ಮುಗಿದು ಒಟ್ಟು ಬೆಲೆ ಐದು ಲಕ್ಷವಾದರೆ, ಅಡಿಕೆ ಮಾರಾಟದ ಖಾತೆಗೆ ಐದು ಲಕ್ಷ ಕ್ರೆಡಿಟ್. ಎದುರು ಕಡೆ ಖೇಣಿದಾರನ ಎರಡು ಲಕ್ಷ ಚುಕ್ತಾ, ಬಾಕಿ ಮೂರು ಲಕ್ಷ ನಗದು. ಎರಡೂ ಬದಿ ಐದೈದು. ಮುಂಗಡವನ್ನು ಆದಾಯವೆಂದು ತಿಳಿದು ಆಷಾಢದಲ್ಲೇ ಬೈಕು ತಂದವನಿಗೆ ಕಾರ್ತಿಕದಲ್ಲಿ ಕೈ ಯಾಕೆ ಖಾಲಿ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಇನ್ನೂ ಒಳ್ಳೆಯ ಪಾಠ ಮುಯ್ಯಿ ಪುಸ್ತಕದಲ್ಲಿದೆ. ಮದುವೆಯ ಚಪ್ಪರದ ಮೂಲೆಯಲ್ಲಿ ಕೂತು ಒಬ್ಬರು ನೋಟುಬುಕ್ಕಿನಲ್ಲಿ ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರಲ್ಲ, ಅದು. ಬಂದ ಮುಯ್ಯಿ ಉಡುಗೊರೆಯಲ್ಲ, ತಿರುಗಿ ಒಪ್ಪಿಸಬೇಕಾದದ್ದು ಎಂದು ಮನೆಯ ಎಲ್ಲರಿಗೂ ಗೊತ್ತು. ಇದು ಶುದ್ಧ ಜವಾಬ್ದಾರಿ ಖಾತೆ. ಆದರೆ ಮುಯ್ಯಾಳು ಹಾಗಲ್ಲ. ಇವತ್ತು ಅವರ ಹೊಲದ ಈರುಳ್ಳಿ ಕೀಳಲು ನಾವು ಹೋದರೆ ನಾಳೆ ನಮ್ಮ ಹೊಲಕ್ಕೆ ಅವರು ಬರುತ್ತಾರೆ. ಬರಬೇಕಾದ್ದು ಇದೆ, ರೂಪಾಯಿ ಇಲ್ಲ. ಹಣದಲ್ಲಿ ಅಳೆಯಲಾಗದ್ದು ಲೆಕ್ಕಪುಸ್ತಕಕ್ಕೆ ಬರುವುದಿಲ್ಲ ಎಂಬ ತತ್ವವನ್ನು ಪಠ್ಯದಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಈ ಒಂದು ಉದಾಹರಣೆ ಕೊಟ್ಟಿದ್ದರೆ ಆ ತತ್ವದ ಬಲವೂ ಅದರ ಕುರುಡೂ ಒಟ್ಟಿಗೇ ಕಾಣುತ್ತಿತ್ತು.

ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶ ಮತ್ತೊಂದು ಗೊಂದಲ. ದುಡ್ಡು ಬಂದರೆ ಡೆಬಿಟ್ ಎಂದು ಮೇಷ್ಟ್ರು ಹೇಳಿದ್ದಾರೆ, ಬ್ಯಾಂಕು ‘ಕ್ರೆಡಿಟ್ ಆಗಿದೆ’ ಎನ್ನುತ್ತದೆ. ಇಬ್ಬರೂ ಸರಿ. ಬ್ಯಾಂಕು ಹೇಳುತ್ತಿರುವುದು ತನ್ನ ಪುಸ್ತಕದ ಮಾತು. ನಮ್ಮ ಠೇವಣಿ ಅದರ ಪಾಲಿಗೆ ನಮಗೆ ಕೊಡಬೇಕಾದ ಸಾಲ. ಯಾರ ಪುಸ್ತಕ ಎಂದು ಮೊದಲು ಕೇಳಿಕೊಂಡರೆ ಅರ್ಧ ಅಕೌಂಟೆನ್ಸಿ ಬಂದಹಾಗೆ.

ಒಂದು ಕಡೆ ಡೆಬಿಟ್, ಎದುರು ಕಡೆ ಕ್ರೆಡಿಟ್ ಬರೆಯುವ ಈ ಜೋಡಿ ನಮೂದನ್ನು ಮೊದಲು ಅಚ್ಚಿನ ಪುಸ್ತಕದಲ್ಲಿ ವಿವರಿಸಿದ ಖ್ಯಾತಿ ಇಟಲಿಯ ಪಾದ್ರಿ ಲೂಕಾ ಪಚೋಲಿಯದು. ವರ್ಷ 1494. ಪದ್ಧತಿ ಅವನು ಹುಟ್ಟಿಸಿದ್ದಲ್ಲ, ವೆನಿಸ್ಸಿನ ವ್ಯಾಪಾರಿಗಳು ಮೊದಲೇ ಬಳಸುತ್ತಿದ್ದರು. ನಮ್ಮಲ್ಲೂ ಲೆಕ್ಕಕ್ಕೆ ಬರವಿರಲಿಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ನಮ್ಮ ಜಿಲ್ಲೆಯದೇ ಶೃಂಗೇರಿ ಮಠದಲ್ಲಿವೆ. ಕಚೇರಿಯ ಫೈಲಿಗೆ ಇವತ್ತೂ ಕಡತ ಎನ್ನುವುದು ಆ ಬಟ್ಟೆಯ ನೆನಪಿನಿಂದ.

ಈಗ ಟ್ಯಾಲಿ ಇದೆ. ತಂದೆ ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯಾಪಾರದ ಲೆಕ್ಕಕ್ಕೆಂದು ಭರತ್ ಗೋಯೆಂಕಾ ಬರೆದ ತಂತ್ರಾಂಶದಿಂದ 1986ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿ ಅದು. ಡಿಗ್ರಿ ಮುಗಿಯುವ ಮೊದಲೇ ಮೂರು ತಿಂಗಳ ಟ್ಯಾಲಿ ಕೋರ್ಸಿಗೆ ಸೇರುವವರು ಬೇಕಾದಷ್ಟು. ಸೇರಲಿ, ಕೆಲಸ ಸಿಗುತ್ತದೆ. ಆದರೆ ಒಂದು ಮಾತು. ಎರಡೂ ಬದಿ ಸರಿದೂಗದ ವೋಚರನ್ನು ಟ್ಯಾಲಿ ಒಳಗೇ ಬಿಟ್ಟುಕೊಳ್ಳುವುದಿಲ್ಲ, ನಿಜ. ಆದರೆ ಖೇಣಿದಾರನ ಮುಂಗಡವನ್ನು ಅಡಿಕೆ ಮಾರಾಟಕ್ಕೆ ಜಮೆ ಮಾಡಿದರೆ ತುಟಿಪಿಟಿಕ್ಕೆನ್ನದೆ ನುಂಗುತ್ತದೆ. ತಾಳೆಪಟ್ಟಿ ಕೂಡುತ್ತದೆ, ಲಾಭ ಸುಳ್ಳಾಗಿರುತ್ತದೆ. ಯಾವ ಖಾತೆ ಎಂದು ನಿರ್ಧರಿಸುವ ಕೆಲಸ ಕೀಲಿಮಣೆಯ ಈಚೆ ಕೂತವರದ್ದೇ.

ನಮ್ಮ ಕಡೆಯ ಕಾಲೇಜುಗಳಲ್ಲಿ ಅಕೌಂಟೆನ್ಸಿ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಮೊದಲ ವಾರ ಪೀಠೋಪಕರಣದ ರಾಮನನ್ನು ಪಕ್ಕಕ್ಕಿಡಿ. ಮಂಡಿಯವರು ಕೊಟ್ಟ ಈರುಳ್ಳಿ ಪಟ್ಟಿಯನ್ನು ಮನೆಯಿಂದ ತರಲು ಹೇಳಿ. ಹಮಾಲಿ, ಕಮಿಷನ್, ಲಾರಿ ಬಾಡಿಗೆ ಎಲ್ಲ ಅದರಲ್ಲೇ ಬರೆದಿರುತ್ತದೆ. ಜಾತ್ರೆಗೆ ಊರಿಗೆ ಬಂದ ಹುಡುಗ ಹುಡುಗಿಯರು ಹಾಗೇ ಮನೆಯ ಮುಯ್ಯಿ ಪುಸ್ತಕವನ್ನೂ ತೆಗೆದು ಕೂಡಿ ನೋಡಿ. ಯಾವುದಾದರೂ ಹೆಸರಿನ ಮುಂದೆ ಮೊತ್ತ ಬಿಟ್ಟುಹೋಗಿದ್ದರೆ ಅಜ್ಜಿಯನ್ನು ಕೇಳಿ, ಅವರಿಗೆ ನೆನಪಿರುತ್ತದೆ.